ಐಸಿಯು ಬಾಗಿಲಲ್ಲಿ ಮೂರು ಕುರ್ಚಿ ಹಾಕಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ ಹಾಗೂ ಬೆಂಗಳೂರಿನ ಎಲ್ಲ ಆಸ್ಪತ್ರೆಗಳ ವೈದ್ಯಕೀಯ ಅಧೀಕ್ಷಕರಿಗೆ,

ನಮಸ್ಕಾರಗಳು.

ಡಾಕ್ಟರುಗಳಿಗೆ ಕರುಣೆ ಕಡಿಮೆಯಾಗಿದೆ ಎಂಬ ಮಾತು ಈ ನಗರದ ಮನೆಮನೆಯಲ್ಲೂ ಕೇಳಿಬರುತ್ತಿದೆ. ಜನಕ್ಕೆ ತಾಳ್ಮೆಯೇ ಇಲ್ಲ, ಮಾತೆತ್ತಿದರೆ ಕೈಯೆತ್ತುತ್ತಾರೆ ಎಂಬ ಮಾತು ಡ್ಯೂಟಿ ರೂಮುಗಳಲ್ಲಿ ಕೇಳಿಬರುತ್ತದೆ. ಎರಡೂ ದೂರುಗಳಲ್ಲಿ ಹುರುಳಿದೆ. ಆದರೆ ಇಷ್ಟು ವರ್ಷಗಳಲ್ಲಿ ಇದಕ್ಕೆ ಸಿಕ್ಕ ಮದ್ದು ಉಪದೇಶ ಮಾತ್ರ. ವೈದ್ಯರ ದಿನದಂದು ವೇದಿಕೆಯಿಂದ ಬುದ್ಧಿಮಾತು, ಉಳಿದ ದಿನ ಗೋಡೆಯ ಮೇಲೊಂದು ಬೋರ್ಡು.

ನಾವು ಬೆಂಗಳೂರಿನ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ದುಡಿಯುವ ವೈದ್ಯರು, ನರ್ಸುಗಳು, ವೈದ್ಯಕೀಯ ಸಮಾಜ ಕಾರ್ಯಕರ್ತರು. ನಮ್ಮ ಅರಿಕೆ ಇಷ್ಟು. ರೋಗಿಯ ಜೊತೆ ಕರುಣೆಯಿಂದ ನಡೆದುಕೊಳ್ಳುವುದೂ ಆಸ್ಪತ್ರೆಯ ಕೆಲಸಗಳಲ್ಲಿ ಒಂದು. ಡ್ರೆಸ್ಸಿಂಗ್‌ಗೆ ಟ್ರಾಲಿ, ಗಾಜ್, ಬೆಳಕು, ಕಲಿತ ಕೈ ಬೇಕಾಗುವ ಹಾಗೆ ಇದಕ್ಕೂ ಜಾಗ, ಹೊತ್ತು, ಕಲಿತ ಕ್ರಮ ಮತ್ತು ಇದು ನನ್ನ ಹೊಣೆ ಎನ್ನುವ ಒಬ್ಬರು ಬೇಕು. ಹುಟ್ಟಾ ಒಳ್ಳೆಯ ಮನಸ್ಸಿನ ಡಾಕ್ಟರು ಸಿಗಲಿ ಎಂದು ರೋಗಿ ದೇವರಿಗೆ ಹರಕೆ ಹೊರಬೇಕಾಗಬಾರದು. ಸಾಧಾರಣ ಮನುಷ್ಯ, ಸಾಕಾಗಿ ಹೋದ ದಿನವೂ, ಸರಿಯಾಗಿ ನಡೆದುಕೊಳ್ಳಲು ಆಗುವಂತೆ ಕೆಲಸವನ್ನು ಕಟ್ಟಿಕೊಡಬಹುದು. ಅದರಲ್ಲಿ ಬಹುಪಾಲು ತಮ್ಮ ಒಂದು ಸುತ್ತೋಲೆಯಿಂದ ಆಗುವಂಥದ್ದು.

ಮೊದಲು ಐಸಿಯು ಬಾಗಿಲಿಗೆ ಬನ್ನಿ. ಗಲಾಟೆಗಳು ಹೆಚ್ಚಾಗಿ ಹೊತ್ತಿಕೊಳ್ಳುವುದು ಅಲ್ಲೇ.

ಹೊರಗೆ ಮೆಟ್ಟಿಲ ಮೇಲೆ, ಗೋಡೆಗೊರಗಿ, ಚಾಪೆ ಹಾಸಿಕೊಂಡು ಮೂವತ್ತು ನಲವತ್ತು ಜನ. ಬಾಗಿಲು ಅರ್ಧ ತೆರೆಯುತ್ತದೆ. ಸೆಕ್ಯುರಿಟಿಯವರು 'ಬೆಡ್ ನಂಬರ್ ಏಳು, ಪೇಷೆಂಟ್ ಕಡೆಯವರು ಯಾರ್ರೀ?' ಎಂದು ಕೂಗುತ್ತಾರೆ. ಬೇರೆಯವರ ಎದೆಯೂ ಧಸಕ್ಕೆನ್ನುತ್ತದೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ಬಾಗಿಲ ಸಂದಿಯಲ್ಲಿ ಮಾಸ್ಕ್ ಹಾಕಿಕೊಂಡ ಒಬ್ಬ ಪಿಜಿ ವಿದ್ಯಾರ್ಥಿ ನಿಂತಿರುತ್ತಾರೆ. ಒಳಗೆ ಮಾನಿಟರ್ ಬಡಿದುಕೊಳ್ಳುತ್ತಿರುವುದರಿಂದ ಅವರ ಒಂದು ಕಿವಿ ಅಲ್ಲೇ ಇರುತ್ತದೆ. 'ಕಂಡೀಷನ್ ಕ್ರಿಟಿಕಲ್ ಇದೆ, ಇಲ್ಲಿ ಸೈನ್ ಮಾಡಿ.' ಬಾಗಿಲು ಮುಚ್ಚುತ್ತದೆ. ನಿನ್ನೆ ಬಂದ ಬೇರೊಬ್ಬ ಡಾಕ್ಟರು 'ಸ್ಟೇಬಲ್ ಇದ್ದಾರೆ' ಎಂದಿದ್ದರು. ವೈದ್ಯರ ಬಾಯಲ್ಲಿ ಅದರ ಅರ್ಥ ಬಿಪಿ, ನಾಡಿ ಸದ್ಯಕ್ಕೆ ಏರುಪೇರಾಗಿಲ್ಲ ಎಂದಷ್ಟೇ. ಮನೆಯವರು ಅದನ್ನು ಕೇಳಿಸಿಕೊಂಡದ್ದು 'ಗಂಡಾಂತರ ಕಳೆಯಿತು' ಎಂದು. ಮಾರನೇ ದಿನ ಸಾವಿನ ಸುದ್ದಿ ಬಂದಾಗ, ನಡುವೆ ಏನೋ ಆಗಿದೆ, ಯಾರೋ ಏನೋ ತಪ್ಪು ಮಾಡಿ ಮುಚ್ಚಿಡುತ್ತಿದ್ದಾರೆ ಎಂದೇ ಅವರಿಗೆ ಅನಿಸುತ್ತದೆ. ಜೊತೆಗೆ ಕೌಂಟರಿನಿಂದ ದುಡ್ಡು ಕಟ್ಟಿ ಎಂಬ ಫೋನೂ ಬಂದಿದ್ದರೆ ಮಾತು ಅಲ್ಲಿಗೆ ಮುಗಿಯಿತು.

ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ, ಸೆರೆವಾಸದ ಶಿಕ್ಷೆಯೂ ಇದೆ. ಹೊಡೆದವರ ಮೇಲೆ ಅದನ್ನು ಬಳಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯ್ದೆ ಕೆಲಸ ಶುರುಮಾಡುವುದು ಏಟು ಬಿದ್ದ ಮೇಲೆ. ಅದಕ್ಕೂ ಮುಂಚಿನ ಎರಡು ದಿನ ಮಾಡಬೇಕಾದ್ದು ಬೇರೆಯೇ ಇದೆ.

ಪ್ರತಿ ಐಸಿಯು ಹೊರಗೆ ಒಂದು ಮರೆ ಕಟ್ಟಿಸಿ, ಅದರೊಳಗೆ ಕುರ್ಚಿ ಹಾಕಿಸಿ. ಮನೆಯವರಿಗೆ ಎರಡು, ಡಾಕ್ಟರಿಗೆ ಒಂದು. ಪ್ರತ್ಯೇಕ ಕೋಣೆ ಸಿಕ್ಕರೆ ಇನ್ನೂ ಒಳ್ಳೆಯದು, ಸಿಗದಿದ್ದರೆ ಪ್ಲೈವುಡ್ಡಿನ ಮರೆಯೂ ಸಾಕು. ಅಡ್ಮಿಟ್ ಆದ ದಿನವೇ ಮನೆಯವರಲ್ಲಿ ಇಬ್ಬರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಸುದ್ದಿ ಹೋಗುವುದು ಅವರಿಗೆ. ದಿನಕ್ಕೆ ಎರಡು ಸಲ, ಬೆಳಗ್ಗೆ 11ಕ್ಕೆ ಮತ್ತು ಸಂಜೆ 6ಕ್ಕೆ ಎಂದಿಟ್ಟುಕೊಳ್ಳೋಣ, ಆದಷ್ಟೂ ಅದೇ ಡಾಕ್ಟರು ಬಂದು ಕೂತು ಮಾತಾಡಬೇಕು. ಹೇಳಬೇಕಾದ್ದು ನಾಲ್ಕೇ ವಿಷಯ: ನಿನ್ನೆಯಿಂದ ಏನು ಬದಲಾಗಿದೆ, ಈಗ ಏನು ಮಾಡುತ್ತಿದ್ದೇವೆ, ಮುಂದೆ ಯಾವುದರ ಭಯ ಇದೆ, ಮತ್ತೆ ಯಾವಾಗ ಸಿಗುತ್ತೇವೆ. ಮೂರನೆಯದನ್ನೇ ಹೆಚ್ಚಿನವರು ನುಂಗಿಕೊಳ್ಳುವುದು. 'ಕಿಡ್ನಿ ಇವತ್ತು ಕೆಲಸ ಮಾಡ್ತಿದೆ, ಆದರೆ ನಾಳೆ ನಾಡಿದ್ದರಲ್ಲಿ ಕೈಕೊಡಬಹುದು, ಆಗ ಡಯಾಲಿಸಿಸ್ ಬೇಕಾಗಬಹುದು' ಎಂದು ಮೊದಲೇ ಹೇಳಿದ್ದರೆ, ಕೈಕೊಟ್ಟ ದಿನ ಮನೆಯವರು ದುಃಖಪಡುತ್ತಾರೆ, ಅನುಮಾನ ಪಡುವುದಿಲ್ಲ. ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಎರಡು ಸಾಲು ಬರೆದಿಡಿ: ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ಏನೆಂದು. ರಾತ್ರಿ ಡ್ಯೂಟಿಗೆ ಬರುವವರು ಅದನ್ನು ಓದಿಕೊಂಡರೆ ಒಬ್ಬರ ಮಾತಿಗೆ ಇನ್ನೊಬ್ಬರು ಎದುರು ಹೇಳುವುದು ತಪ್ಪುತ್ತದೆ. ಖಾಸಗಿ ಆಸ್ಪತ್ರೆಯಾದರೆ ಖರ್ಚಿನ ಹೊಸ ಅಂದಾಜನ್ನೂ ದಿನಾ ತಿಳಿಸಿ, ಆದರೆ ಡಾಕ್ಟರ ಬಾಯಲ್ಲಿ ಬೇಡ, ಬಿಲ್ಲಿಂಗ್‌ನವರು ಬೇರೆಯಾಗಿ ಕೂತು ಹೇಳಲಿ.

ಸಾವಿನ ಸುದ್ದಿ ಹೇಳುವುದನ್ನು ಕಿರಿಯರ ಮೇಲೆ ಹಾಕುವ ಪದ್ಧತಿ ನಿಲ್ಲಬೇಕು. ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಇರುವವರಲ್ಲಿ ಹಿರಿಯರು ಯಾರೋ ಅವರೇ ಹೇಳಲಿ, ಕಿರಿಯರು ಜೊತೆಗಿದ್ದು ಕಲಿಯಲಿ. ಎದೆ ಒತ್ತುತ್ತಿರುವಾಗಲೇ ಒಬ್ಬ ನರ್ಸನ್ನು ಹೊರಗೆ ಕಳಿಸಿ: 'ಹೃದಯ ನಿಂತಿದೆ, ಮತ್ತೆ ಬಡಿಯುವಂತೆ ಮಾಡಲು ಎಲ್ಲರೂ ಸೇರಿ ನೋಡ್ತಿದ್ದಾರೆ, ಇಲ್ಲೇ ಕೂತಿರಿ' ಎಂದು ಹೇಳಲಿ. ಆ ಹತ್ತು ಹದಿನೈದು ನಿಮಿಷ ಮನಸ್ಸು ಗಟ್ಟಿಮಾಡಿಕೊಳ್ಳಲು ಸಿಗುವ ಹೊತ್ತು. ಹೇಳುವವರು ಮೊದಲು ರೋಗಿಯ ಹೆಸರು, ಎದುರಿಗಿರುವವರ ಸಂಬಂಧ ಖಚಿತ ಮಾಡಿಕೊಳ್ಳಬೇಕು. ಫೋನನ್ನು ಬೇರೆಯವರ ಕೈಗೆ ಕೊಟ್ಟು ಬರಬೇಕು. ಕೂರಬೇಕು. 'ಶಾಂತಮ್ಮನವರು ತೀರಿಕೊಂಡರು' ಎಂದು ಬಿಡಿಸಿ ಹೇಳಬೇಕು. 'ಎಕ್ಸ್‌ಪೈರ್', 'ನೋ ಮೋರ್', 'ಪೇಷೆಂಟ್ ಕೊಲ್ಯಾಪ್ಸ್ ಆದ್ರು' ಎಂದರೆ ಇನ್ನೂ ಜೀವ ಇದೆ ಎಂದುಕೊಳ್ಳುವವರಿದ್ದಾರೆ. ಹೇಳಿದ ಮೇಲೆ ಬಾಯಿ ಮುಚ್ಚಿ ಕೂತಿರಬೇಕು. ಇದು ಎಲ್ಲಕ್ಕಿಂತ ಕಷ್ಟ. ಅಳುವವರ ಮುಂದೆ ಸುಮ್ಮನಿರಲಾರದೆ ಡಾಕ್ಟರುಗಳು ಸೋಡಿಯಂ, ಲ್ಯಾಕ್ಟೇಟ್ ಎಂದು ಕಾರಣ ವಿವರಿಸಲು ಶುರುಮಾಡುತ್ತಾರೆ. ಆ ಹೊತ್ತಿನಲ್ಲಿ ಅದು ಯಾರ ತಲೆಗೂ ಇಳಿಯುವುದಿಲ್ಲ. ಕಾಗದಕ್ಕೆ ಸಹಿ ಕೇಳುವುದಕ್ಕೂ ಸ್ವಲ್ಪ ಹೊತ್ತು ಬಿಡಿ.

ಮನೆಯವರು ಊರಲ್ಲಿಲ್ಲದೆ ಫೋನಿನಲ್ಲಿ ಹೇಳಬೇಕಾಗಿ ಬಂದರೆ, ಅವರು ಎಲ್ಲಿದ್ದಾರೆ, ಗಾಡಿ ಓಡಿಸುತ್ತಿದ್ದಾರಾ ಎಂದು ಮೊದಲು ಕೇಳಿ. ಹೊಸಕೋಟೆಯಿಂದ ಬೈಕಿನಲ್ಲಿ ಬರುತ್ತಿರುವ ಮಗನಿಗೆ 'ಸ್ಥಿತಿ ತುಂಬಾ ಬಿಗಡಾಯಿಸಿದೆ, ಯಾರನ್ನಾದರೂ ಜೊತೆಗೆ ಕರಕೊಂಡು ನಿಧಾನಕ್ಕೆ ಬನ್ನಿ' ಎನ್ನುವುದು ಸಾಕು. ಆದರೆ ಅವರು ನೇರವಾಗಿ ಕೇಳಿಬಿಟ್ಟರೆ ಸುಳ್ಳು ಬೇಡ.

ಶವವನ್ನು ತೋರಿಸುವ ಮುಂಚೆ ಟ್ಯೂಬುಗಳನ್ನು ತೆಗೆದು, ಮುಖ ಒರೆಸಿ, ಕಣ್ಣು ಮುಚ್ಚಿಸಿ, ಶುಭ್ರ ಬಟ್ಟೆ ಹೊದಿಸಿ. ಅಪಘಾತ, ವಿಷ, ಸುಟ್ಟಗಾಯದಂಥ, ಪೊಲೀಸರಿಗೆ ತಿಳಿಸಬೇಕಾದ ಎಂಎಲ್‌ಸಿ ಕೇಸುಗಳಲ್ಲಿ ಟ್ಯೂಬುಗಳನ್ನು ತೆಗೆಯುವಂತಿಲ್ಲ, ಪೋಸ್ಟ್‌ಮಾರ್ಟಂ ಆಗಲೇಬೇಕು. ಅದನ್ನು ಹಾಗೆಂದೇ ಮನೆಯವರಿಗೆ ತಿಳಿಸಿ, ಇಲ್ಲದಿದ್ದರೆ ಬಾಯಲ್ಲಿ ಪೈಪು ಬಿಟ್ಟೇ ಕೊಟ್ಟರು ಎಂಬ ನೋವು ವರ್ಷಗಟ್ಟಲೆ ಉಳಿಯುತ್ತದೆ. ಮೈಮೇಲಿದ್ದ ತಾಳಿ, ಓಲೆ, ಉಂಗುರಗಳನ್ನು ಎಣಿಸಿ, ಬರೆದು, ಸಹಿ ಪಡೆದು ಕೊಡಿ. ಸಾವಿನ ಕಾರಣ ಬರೆಯುವ ನಮೂನೆ 4, ಇಪ್ಪತ್ತೊಂದು ದಿನದೊಳಗಿನ ನೋಂದಣಿ, ಪ್ರಮಾಣಪತ್ರ ಎಲ್ಲಿ ಸಿಗುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಿ. ಆ ದಿನ ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಬಿಲ್ಲು ಬಾಕಿ ಇದೆಯೆಂದು ಶವ ಕೊಡದೆ ಇರುವಂತಿಲ್ಲ ಎಂದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಈ ಒಂದು ಸಾಲನ್ನು ಪ್ರತಿ ಬಿಲ್ಲಿಂಗ್ ಕೌಂಟರಿನ ಮೇಲೆ ಬರೆಸಿ.

ಈಗ ಓಪಿಡಿ. ಬೆಳಗ್ಗೆ 9ರಿಂದ ಮಧ್ಯಾಹ್ನ 1.30ರವರೆಗೆ ಒಬ್ಬ ಡಾಕ್ಟರ ಮುಂದೆ 120 ಚೀಟಿ ಇದ್ದರೆ ತಲೆಗೆ ಸಿಗುವುದು ಎರಡೂಕಾಲು ನಿಮಿಷ. ಒಳಗೆ ಬಂದು ಕೂರಲು, ಸೆರಗು ಸರಿಸಲು, ಬರೆಯಲು, ಎದ್ದುಹೋಗಲು ಎಲ್ಲ ಸೇರಿ. 67 ದೇಶಗಳ ಅಂಕಿಅಂಶ ಕೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತದ ಲೆಕ್ಕವೂ ಎರಡು ನಿಮಿಷದ ಆಸುಪಾಸಿನಲ್ಲೇ ಇತ್ತು, ಸ್ವೀಡನ್ನಿನದು 22 ನಿಮಿಷ ದಾಟಿತ್ತು. ನಾಳೆ ಬೆಳಗಾಗುವುದರೊಳಗೆ ಡಾಕ್ಟರುಗಳನ್ನು ದುಪ್ಪಟ್ಟು ಮಾಡಿ ಎಂದು ನಾವು ಕೇಳುತ್ತಿಲ್ಲ. ಇರುವ ಹೊತ್ತು ಎಲ್ಲಿ ಸೋರಿಹೋಗುತ್ತಿದೆ ನೋಡಿ. ಆ 120ರಲ್ಲಿ ದೊಡ್ಡ ಪಾಲು ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್ ಮಾತ್ರೆ ಮುಗಿದು ಅದೇ ಮಾತ್ರೆಯನ್ನು ಮತ್ತೆ ಬರೆಸಿಕೊಳ್ಳಲು ಬಂದವರು. ಕಾಯಿಲೆ ಹತೋಟಿಯಲ್ಲಿದ್ದವರಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟು, ನಡುವಿನ ತಪಾಸಣೆಯನ್ನು ಅವರ ಬಡಾವಣೆಯ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಚಿಕಿತ್ಸಾಲಯಕ್ಕೆ ಒಪ್ಪಿಸಿದರೆ ದೊಡ್ಡಾಸ್ಪತ್ರೆಯ ಸಾಲು ಕರಗುತ್ತದೆ. ತೂಕ, ಬಿಪಿ, ಮುಖ್ಯ ತೊಂದರೆ ಇವನ್ನು ನರ್ಸು ಮೊದಲೇ ಬರೆದಿಟ್ಟರೆ ಇನ್ನಷ್ಟು ಉಳಿಯುತ್ತದೆ. ಹೊಸ ರೋಗಿಗೆ ಆರೇಳು ನಿಮಿಷ ಸಿಕ್ಕರೂ ಅದು ಬೇರೆಯೇ ಲೋಕ.

ಸಿಕ್ಕ ಹೊತ್ತಿನ ಮೊದಲ ಭಾಗ ರೋಗಿಯದಾಗಿರಲಿ. ಡಾಕ್ಟರು ಸರಾಸರಿ 18 ಸೆಕೆಂಡಿಗೆ ರೋಗಿಯ ಮಾತಿಗೆ ಅಡ್ಡ ಬರುತ್ತಾರೆ ಎಂದು ಅಮೆರಿಕದಲ್ಲಿ 1984ರಲ್ಲೇ ಅಳೆದಿದ್ದಾರೆ. ಬಿಟ್ಟರೆ ಅರ್ಧ ಗಂಟೆ ಮಾತಾಡುತ್ತಾರಲ್ಲ ಎಂಬುದು ನಮ್ಮವರ ಅಂಜಿಕೆ. ಸ್ವಿಟ್ಜರ್ಲೆಂಡಿನ ಒಂದು ದೊಡ್ಡಾಸ್ಪತ್ರೆಯಲ್ಲಿ 335 ರೋಗಿಗಳನ್ನು ತಡೆಯದೆ ಮಾತಾಡಲು ಬಿಟ್ಟು ನೋಡಿದಾಗ ಸರಾಸರಿ 92 ಸೆಕೆಂಡಿಗೆ ತಾವಾಗಿಯೇ ನಿಲ್ಲಿಸಿದ್ದರು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ಮುಗಿಸಿದ್ದರು. ಅಡ್ಡ ಹಾಕಿದಾಗ ತಪ್ಪಿಹೋಗುವುದು ಸಾಮಾನ್ಯವಾಗಿ ಮುಖ್ಯ ವಿಷಯವೇ. ನಮ್ಮ ಜನ ನಾಚಿಕೆಯ ಮಾತನ್ನು ಮೊದಲು ಹೇಳುವುದಿಲ್ಲ. ಮೊಣಕಾಲು ನೋವು, ಗ್ಯಾಸು ಎಲ್ಲ ಹೇಳಿ, ಚೀಟಿ ಹಿಡಿದು ಎದ್ದು, ಬಾಗಿಲ ಬಳಿ ತಿರುಗಿ 'ಇನ್ನೊಂದು ವಿಷಯ ಇತ್ತು ಮೇಡಂ' ಎನ್ನುತ್ತಾರೆ. ಮಲದಲ್ಲಿ ರಕ್ತ, ಬಿಳಿ ಸೆರಗು, ಗಂಡನ ಹೊಡೆತ, ಬದುಕೇ ಬೇಡ ಅನಿಸುವುದು, ಇವೆಲ್ಲ ಹೊರಬೀಳುವುದು ಆ ಬಾಗಿಲಲ್ಲೇ. ಅಷ್ಟರಲ್ಲಿ ಮುಂದಿನವರು ಬಂದು ಸ್ಟೂಲಿನ ಮೇಲೆ ಕೂತಿರುತ್ತಾರೆ. ಒಬ್ಬರ ಪರೀಕ್ಷೆ ನಡೆಯುವಾಗ ಇನ್ನು ನಾಲ್ವರು ಮೇಜಿನ ಸುತ್ತ ನಿಂತಿರುವುದನ್ನು ತಪ್ಪಿಸಲು ಒಂದು ಪರದೆ, ಬಾಗಿಲಲ್ಲಿ ಒಬ್ಬ ಅಟೆಂಡರ್ ಸಾಕು.

ವಾರ್ಡ್ ರೌಂಡ್ಸಿಗೂ ಒಂದು ಸ್ಟೂಲು ಬೇಕು. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳ ಬಳಿ ಡಾಕ್ಟರು ಕೂತು ಒಂದು ನಿಮಿಷದಷ್ಟು ಮಾತಾಡಿದ್ದನ್ನು ರೋಗಿಗಳು ಐದು ನಿಮಿಷ ಎಂದು ಲೆಕ್ಕ ಹೇಳಿದರು. ನಿಂತು ಇನ್ನೂ ಸ್ವಲ್ಪ ಹೆಚ್ಚೇ ಮಾತಾಡಿದ್ದನ್ನು ನಾಲ್ಕು ನಿಮಿಷವೂ ಇಲ್ಲ ಎಂದರು. ನಮ್ಮಲ್ಲಿ ಇಪ್ಪತ್ತು ಜನ ವಿದ್ಯಾರ್ಥಿಗಳು ಮಂಚದ ಸುತ್ತ ನೆರೆದು, ರೋಗಿಯ ತಲೆಯ ಮೇಲೆ ಇಂಗ್ಲಿಷಿನಲ್ಲಿ ಮಾತಾಡಿ, ಹೊಟ್ಟೆ ಒತ್ತಿ ನೋಡಿ ಮುಂದಕ್ಕೆ ಹೋಗುತ್ತಾರೆ. 'ಈ ಮಕ್ಕಳು ಕಲೀತಿದ್ದಾರೆ, ಒಮ್ಮೆ ಮುಟ್ಟಿ ನೋಡಬಹುದಾ ಅಣ್ಣ?' ಎಂದು ಕೇಳಲು ಎರಡು ಸೆಕೆಂಡು ಸಾಕು. ಕೊನೆಗೆ ಒಬ್ಬರು ಹಿಂದುಳಿದು ಈಗ ಮಾತಾಡಿದ್ದು ಏನೆಂದು ರೋಗಿಗೆ ತಿಳಿಸಿಹೋಗಬೇಕು. ಆ ಕೆಲಸವನ್ನು ದಿನಕ್ಕೊಬ್ಬ ಇಂಟರ್ನಿಗೆ ಹೆಸರು ಹಾಕಿ ಒಪ್ಪಿಸಿ.

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯಿಂದ ರಾತ್ರಿ ರೈಲು, ಬಸ್ಸು ಹತ್ತಿ ಬಂದು, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಬೆಳಕು ಹರಿಯುವ ಮುಂಚೆ ಕಿದ್ವಾಯಿಯ ಮುಂದೆಯೋ ಜಯದೇವದ ಮುಂದೆಯೋ ಸಾಲು ನಿಲ್ಲುವವರ ಚೀಟಿಯ ಮೇಲೆ 'ಹೊರಜಿಲ್ಲೆ' ಎಂಬ ಸೀಲು ಒತ್ತಿಸಿ. ಅಂಥವರ ರಕ್ತಪರೀಕ್ಷೆ, ಸ್ಕ್ಯಾನ್, ರಿಪೋರ್ಟು ಆದಷ್ಟೂ ಒಂದೇ ದಿನ ಮುಗಿಯಲಿ. 'ನಾಳೆ ಬನ್ನಿ' ಎಂಬ ಎರಡು ಪದದ ಬೆಲೆ ಅವರಿಗೆ ಇಬ್ಬರ ಕೂಲಿ, ಒಂದು ರಾತ್ರಿಯ ಫುಟ್‌ಪಾತು.

ಡಿಸ್ಚಾರ್ಜಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿ ಆಗುವ ಅನಾಹುತ ಯಾವ ರಿಜಿಸ್ಟರಿಗೂ ಬರುವುದಿಲ್ಲ. ಬೆಳಗ್ಗೆ ರೌಂಡ್ಸಿನಲ್ಲಿ ಮನೆಗೆ ಹೋಗಬಹುದು ಎನ್ನುತ್ತಾರೆ, ಕಾಗದ ಕೈಗೆ ಬರುವುದು ಸಂಜೆ. ಅಷ್ಟರಲ್ಲಿ ಕರೆತಂದ ಆಟೋದವನು ಅವಸರ ಮಾಡುತ್ತಿರುತ್ತಾನೆ. ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ 1-0-1 ಎಂದಿರುತ್ತದೆ, ಅಂದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಕೊಡುವವರು 'ಅರ್ಥ ಆಯ್ತಾ?' ಎಂದು ಕೇಳಿದರೆ, ಯಾರೇ ಆದರೂ 'ಆಯ್ತು ಸಾರ್' ಎಂದೇ ಹೇಳುತ್ತಾರೆ. ಆಗಲಿಲ್ಲ ಎನ್ನಲು ಸಂಕೋಚ.

ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನೇ ನೋಡಿ. ಅದು ವಾರಕ್ಕೊಂದು ದಿನ ಮಾತ್ರ. ಜೊತೆಗೆ ಬೇರೆ ದಿನ ಫೋಲಿಕ್ ಆಸಿಡ್. ಬೇರೆಲ್ಲ ಮಾತ್ರೆಯ ಹಾಗೆ ದಿನಾ ನುಂಗಿದರೆ ಕೆಲವೇ ದಿನಗಳಲ್ಲಿ ಬಾಯಿ ತುಂಬ ಹುಣ್ಣು, ಬಿಳಿ ರಕ್ತಕಣ ಕುಸಿತ, ಸೋಂಕು, ಸಾವು ಕೂಡ. ಚೀಟಿಯಲ್ಲಿ 'ಭಾನುವಾರ ಮಾತ್ರ, ದಿನಾ ಬೇಡ' ಎಂದು ಕನ್ನಡದಲ್ಲಿ ಬರೆದು, ಸ್ಟ್ರಿಪ್ಪಿನ ಮೇಲೂ ಗುರುತು ಹಾಕಿ, 'ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕಮ್ಮ, ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರ, ಒಂದ್ಸಲ ಹೇಳಿ' ಎಂದು ಕೇಳಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಪರೀಕ್ಷೆ ನಮ್ಮ ಮಾತಿಗೆ, ಅವರ ಬುದ್ಧಿಗಲ್ಲ ಎಂಬ ಧಾಟಿಯಲ್ಲಿ ಕೇಳುವುದರಿಂದ ಅವರಿಗೆ ಅವಮಾನವೂ ಆಗುವುದಿಲ್ಲ. ಟಿಬಿಯ ರಿಫಾಂಪಿಸಿನ್ ತಗೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಮೊದಲೇ ಹೇಳದಿದ್ದರೆ, ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಫಿಟ್ಸ್ ಮಾತ್ರೆಯನ್ನು, ಬಹಳ ದಿನ ತಗೊಂಡ ಸ್ಟಿರಾಯ್ಡನ್ನು ತಟಕ್ಕನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಇನ್‌ಹೇಲರನ್ನು ಬಾಯಲ್ಲಿ ಹೇಳಿದರೆ ಸಾಲದು, ಕೈಯಲ್ಲಿ ಹಿಡಿಸಿ ತೋರಿಸಬೇಕು: ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಒಳಗೆ ಎಳೆದು, ಹತ್ತು ಸೆಕೆಂಡು ಹಿಡಿದು, ಸ್ಟಿರಾಯ್ಡ್ ಇರುವಂಥದಾದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಇನ್ಸುಲಿನ್ ಬರೆಯುವ ಮುಂಚೆ ಮನೆಯಲ್ಲಿ ಫ್ರಿಜ್ ಇದೆಯಾ ಎಂದು, ನಾಲ್ಕು ಜನರ ಎದುರಿಗೆ ಬೇಡ, ಮೆಲ್ಲಗೆ ಕೇಳಿ. ಇಲ್ಲದಿದ್ದರೆ ಮಣ್ಣಿನ ಕುಡಿಕೆಯ ಸುತ್ತ ಒದ್ದೆ ಬಟ್ಟೆ ಸುತ್ತಿ ತಂಪಾದ ಮೂಲೆಯಲ್ಲಿಡುವುದನ್ನು ಹೇಳಿಕೊಡಿ. ಇದಕ್ಕೆಲ್ಲ ಡಾಕ್ಟರೇ ಬೇಕೆಂದಿಲ್ಲ. ಪ್ರತಿ ವಾರ್ಡಿಗೆ ಒಬ್ಬ ನರ್ಸನ್ನು ಡಿಸ್ಚಾರ್ಜ್ ಮಾತುಕತೆಗೆಂದೇ ಮೀಸಲಿಟ್ಟು, ರೋಗಿ ತನ್ನ ಬಾಯಲ್ಲಿ ಹೇಳಿ ತೋರಿಸಿದ ಮೇಲೆ ಸಹಿ ಹಾಕುವ ಒಂದು ಹಾಳೆ ಮಾಡಿ. ಆಸ್ಪತ್ರೆಯ ತಪಾಸಣೆಗೆ ಬಂದವರು ಆ ಹಾಳೆಯನ್ನೂ ನೋಡಲಿ.

ಒಪ್ಪಿಗೆ ಪತ್ರದ್ದು ಇದೇ ಕಥೆ. ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಏನಿದೆ, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋಗುವ ಟ್ರಾಲಿಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅದಲ್ಲ. ಹಿಂದಿನ ದಿನ ಸಂಜೆ, ಅವರಿಗೆ ಬರುವ ಭಾಷೆಯಲ್ಲಿ ಮಾತಾಗಲಿ. ಬೆಂಗಳೂರಿನಲ್ಲಿ ಅದು ಕನ್ನಡವಾಗಬಹುದು, ಉರ್ದು, ತಮಿಳು, ತೆಲುಗು, ಹಿಂದಿ ಆಗಬಹುದು. ಯಾವ ಭಾಷೆ ಯಾವ ಸಿಬ್ಬಂದಿಗೆ ಬರುತ್ತದೆ ಎಂಬ ಪಟ್ಟಿ ಪ್ರತಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಇರಲಿ. ತಾಯಿಯ ಗರ್ಭಕೋಶದ ವಿಷಯವನ್ನು ಹತ್ತು ವರ್ಷದ ಮಗನ ಕೈಲಿ ಭಾಷಾಂತರ ಮಾಡಿಸುವುದು ಎಲ್ಲಿಯೂ ನಡೆಯಕೂಡದು.

ಹೆರಿಗೆ ಕೋಣೆಯ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆವು. ನೋವಿನಲ್ಲಿ ಕೂಗುವ ಹುಡುಗಿಯ ತೊಡೆಗೆ ಹೊಡೆಯುವುದು, 'ಆಗ ಗೊತ್ತಾಗಲಿಲ್ವಾ?' ಎನ್ನುವುದು ಇನ್ನೂ ಕೆಲವು ಕಡೆ ನಡೆಯುತ್ತಿದೆ. ಕೇಂದ್ರದ ಲಕ್ಷ್ಯ ಕಾರ್ಯಕ್ರಮ 2017ರಲ್ಲಿ ಶುರುವಾಗಿ ಗೌರವದ ಹೆರಿಗೆ ಆರೈಕೆಯನ್ನು ಹೆಸರಿಟ್ಟೇ ಹೇಳಿದೆ. ಜೊತೆಗೊಬ್ಬ ಹೆಂಗಸನ್ನು ಬಿಡಬೇಕೆಂಬ ನಿಯಮವೂ ಇದೆ. ಜಾಗ ಇಲ್ಲ, ಮರೆಯಿಲ್ಲ ಎಂದು ಅದನ್ನು ಕೈಬಿಡುತ್ತಾರೆ. ಪ್ರತಿ ಮಂಚಕ್ಕೆ ಪರದೆ ಕಟ್ಟಿಸಿದರೆ ಆ ನೆಪವೂ ಹೋಗುತ್ತದೆ. ತಾಯಿಯೋ ಅತ್ತಿಗೆಯೋ ಪಕ್ಕದಲ್ಲಿ ನಿಂತಿದ್ದರೆ ಬೈಗುಳವೂ ಬಹುಮಟ್ಟಿಗೆ ತಾನಾಗಿ ನಿಲ್ಲುತ್ತದೆ.

ಇನ್ನು, ಗುಣವಾಗದ ಕಾಯಿಲೆ. ಕ್ಯಾನ್ಸರ್ ಇದೆ ಎಂದು ಹೇಳುವ ಮುಂಚೆ ರೋಗಿಗೆ ಏನು ಗೊತ್ತಿದೆ, ಎಷ್ಟು ತಿಳಿಯಲು ಇಷ್ಟ ಎಂದು ಕೇಳಬೇಕು. ಆಮೇಲೆ 'ರಿಪೋರ್ಟು ನಾವು ಅಂದುಕೊಂಡಷ್ಟು ಚೆನ್ನಾಗಿ ಬಂದಿಲ್ಲ' ಎಂದು ಸುಳಿವು ಕೊಟ್ಟು, ಒಂದು ಕ್ಷಣ ಮಾತು ನಿಲ್ಲಿಸಿ, ಆಮೇಲೆ ಬಿಡಿಸಿ ಹೇಳಬೇಕು. 2000ದಿಂದ ಈಚೆಗೆ ಜಗತ್ತಿನ ಕ್ಯಾನ್ಸರ್ ವೈದ್ಯರು ಕಲಿಯುವ ಆರು ಹೆಜ್ಜೆಯ ಕ್ರಮದ ತಿರುಳೂ ಇದೇ. ನಮ್ಮಲ್ಲಿ ಅದರ ಜೊತೆಗೊಂದು ಗಂಟು ಇದೆ. ಮಗನೋ ಅಳಿಯನೋ ಮೊದಲೇ ಒಳಗೆ ಬಂದು 'ಅಪ್ಪಾಜಿಗೆ ಹೇಳಬೇಡಿ ಡಾಕ್ಟ್ರೇ, ತಡಕೊಳ್ಳಲ್ಲ' ಎಂದು ಕೈಮುಗಿಯುತ್ತಾರೆ. ಅವರನ್ನು ಗದರಿಸಬೇಡಿ, ಅದು ಪ್ರೀತಿ. ಆದರೆ ಅಪ್ಪಾಜಿಗೆ ಕೂದಲು ಉದುರುತ್ತಿದೆ, ಪಕ್ಕದ ಮಂಚದವರು ಹೇಳಿದ್ದಾರೆ, ಎಲ್ಲ ಗೊತ್ತಿದೆ. ಮಕ್ಕಳು ಕೊರಗುತ್ತಾರೆಂದು ಅವರೂ ಸುಮ್ಮನಿದ್ದಾರೆ. 'ಅವರು ಕೇಳದೆ ನಾವಾಗಿ ತುರುಕುವುದಿಲ್ಲ, ಕೇಳಿದರೆ ಸುಳ್ಳು ಹೇಳುವುದಿಲ್ಲ' ಎಂದು ಮಗನಿಗೆ ಮೊದಲೇ ಹೇಳಿಬಿಡಿ. ಹೆಚ್ಚಿನವರು ಒಪ್ಪುತ್ತಾರೆ.

'ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರಕೊಂಡು ಹೋಗಿ' ಎಂಬ ಮಾತನ್ನು ಆಸ್ಪತ್ರೆಗಳಲ್ಲಿ ಆಡದಂತೆ ಮಾಡಬೇಕು, ಏಕೆಂದರೆ ಅದು ನಿಜವೂ ಅಲ್ಲ. ನೋವಿಗೆ ಮಾರ್ಫಿನ್ ಮಾತ್ರೆ ಇದೆ. ನಾಲ್ಕು ಗಂಟೆಗೊಮ್ಮೆ ಹೊತ್ತಿಗೆ ಸರಿಯಾಗಿ ಕೊಡಬೇಕು, ಜೊತೆಗೆ ಮಲಬದ್ಧತೆಗೆ ಔಷಧಿ ತಪ್ಪದೆ ಕೊಡಬೇಕು. ಚಟವಾಗುತ್ತದೆ ಎಂಬ ಹೆದರಿಕೆಯಿಂದ ಬರೆಯದೆ ಇರುವವರು ಇನ್ನೂ ಇದ್ದಾರೆ. ಇಂಥ ಔಷಧಿಗಳು ಸಿಗುವುದು ಸುಲಭವಾಗಲೆಂದೇ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಯಿತು. ಹುಣ್ಣು ಕೊಳೆತು ವಾಸನೆ ಬಂದು ಮೊಮ್ಮಕ್ಕಳು ಹತ್ತಿರ ಸುಳಿಯದಂತಾದಾಗ, ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಗಾಯದ ಮೇಲೆ ಉದುರಿಸಿದರೆ ವಾಸನೆ ಇಳಿಯುತ್ತದೆ. ಅಗ್ಗದ ಮಾತ್ರೆ, ಮೊಮ್ಮಗು ಮತ್ತೆ ಮಂಚದ ಬಳಿ ಬರುತ್ತದೆ. ಕೊನೆಯ ದಿನಗಳ ಆರೈಕೆಗೆ ಬೆಂಗಳೂರಿನಲ್ಲಿ ಕರುಣಾಶ್ರಯ ಹಲವು ವರ್ಷಗಳಿಂದ ಹಣ ಪಡೆಯದೆ ಕೆಲಸ ಮಾಡುತ್ತಿದೆ. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪಿಗೆ ಅನುಗುಣವಾಗಿ ತಮ್ಮ ಇಲಾಖೆಯೇ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಗುಣವಾಗುವ ಆಸೆಯಿಲ್ಲದ ರೋಗಿಯ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬೇಕೇ ಎಂದು ತೀರ್ಮಾನಿಸಲು ಆಸ್ಪತ್ರೆಯ ಪ್ರಾಥಮಿಕ ಮಂಡಳಿ, ಅದರ ಮೇಲೊಂದು ಎರಡನೇ ಮಂಡಳಿ ಎಂದು ಕ್ರಮ ಹಾಕಿಕೊಟ್ಟಿದೆ. ಮಂಡಳಿ ಕೂರುವ ಮುಂಚೆ ಮನೆಯವರ ಜೊತೆ ಕೂತು ಮಾತಾಡುವವರು ಯಾರು ಎಂಬುದನ್ನು ಪ್ರತಿ ಆಸ್ಪತ್ರೆಯೂ ಹೆಸರು ಹಾಕಿ ಗೊತ್ತುಮಾಡಲಿ.

ಇಷ್ಟೆಲ್ಲ ಮಾಡಬೇಕಾದವರ ಗತಿ ಏನು? ಕಿರಿಯ ವೈದ್ಯರು ಸತತ 12 ಗಂಟೆ ಮೀರಿ ದುಡಿಯಬಾರದೆಂಬ ಕೇಂದ್ರದ ಸೂಚನೆ 1992ರದು. ವಾರಕ್ಕೆ 74 ಗಂಟೆ ಮೀರಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿತು. ನಿಜದಲ್ಲಿ 30, 36 ಗಂಟೆಯ ಪಾಳಿಗಳು ನಡೆಯುತ್ತಲೇ ಇವೆ. ಎರಡು ರಾತ್ರಿ ಕಣ್ಣು ಮುಚ್ಚದವರಿಗೆ ಎದುರಿಗಿರುವ ಮುಖದ ನೋವು ಕಾಣುವುದಿಲ್ಲ. ಸಿಡುಕು ಬಂದೇ ಬರುತ್ತದೆ. ಪಾಳಿಯ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿಸಿ, ಇಲಾಖೆಯಿಂದ ತಿಂಗಳಿಗೊಮ್ಮೆ ಪರಿಶೀಲಿಸಿ. ತನ್ನ ಕೈಯಲ್ಲಿ ರೋಗಿ ತೀರಿಕೊಂಡ ಕಿರಿಯ ಡಾಕ್ಟರನ್ನು, ನರ್ಸನ್ನು ಹತ್ತು ನಿಮಿಷ ಪಕ್ಕಕ್ಕೆ ಕರೆದು ಕೂರಿಸಿ ಮಾತಾಡಿಸುವುದನ್ನು ಯೂನಿಟ್ ಮುಖ್ಯಸ್ಥರ ಕೆಲಸವೆಂದು ಬರೆಯಿರಿ. ನಿಮ್ಹಾನ್ಸ್ ಬೆಂಬಲದಿಂದ ನಡೆಯುವ ಟೆಲಿ ಮಾನಸ್‌ನ 14416 ನಂಬರು ಡ್ಯೂಟಿ ರೂಮಿನ ಗೋಡೆಯ ಮೇಲೂ ಇರಲಿ.

ವೈದ್ಯಕೀಯ ಶಿಕ್ಷಣ ಸಚಿವರಲ್ಲಿ ಒಂದು ಮಾತು. ನಡವಳಿಕೆ, ನೀತಿ, ಮಾತುಕತೆಯ ಪಾಠ ಎಟ್‌ಕಾಮ್ ಹೆಸರಿನಲ್ಲಿ 2019ರಿಂದ ಎಂಬಿಬಿಎಸ್ ಪಠ್ಯದಲ್ಲಿದೆ. ರೋಗಿಯಾಗಿರುವುದೆಂದರೆ ಏನು ಎಂಬುದು ಮೊದಲ ವರ್ಷದ ಪಾಠಗಳಲ್ಲೊಂದು. ಅದನ್ನು ದೊಡ್ಡ ಹಾಲಿನಲ್ಲಿ ಸ್ಲೈಡು ತೋರಿಸಿ ಮುಗಿಸುತ್ತಾರೆ. ಬದಲಿಗೆ ಪ್ರತಿ ವಿದ್ಯಾರ್ಥಿಯೂ ಒಂದು ಇಡೀ ದಿನ ಒಬ್ಬ ರೋಗಿಯ ಜೊತೆ ಚೀಟಿ ಕೌಂಟರಿನಿಂದ ಔಷಧಿ ಕೌಂಟರಿನವರೆಗೆ ನಡೆದು ಬರಲಿ, ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಕಾದರು ಎಂದು ಬರೆದು ತರಲಿ. ಅಂತಿಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಕೆಟ್ಟ ಸುದ್ದಿ ಹೇಳುವುದಕ್ಕೊಂದು, ಮಾತ್ರೆ ವಿವರಿಸುವುದಕ್ಕೊಂದು ಮೇಜು ಇರಲಿ. ಅದಕ್ಕೆ ಅಂಕವೂ ಇರಲಿ. ಅಂಕವಿಲ್ಲದ್ದನ್ನು ನಮ್ಮ ವಿದ್ಯಾರ್ಥಿಗಳು ಓದುವುದಿಲ್ಲ. ಹೊರರಾಜ್ಯದಿಂದ ಬಂದವರಿಗೆ ಇಂಟರ್ನ್‌ಶಿಪ್ಪಿಗೆ ಮುಂಚೆ, ಉಪ್ಪಾರಪೇಟೆಯ ಹಮಾಲಿಯೊಬ್ಬರ ಎದೆನೋವನ್ನು ಕನ್ನಡದಲ್ಲಿ ಕೇಳಿ ಬರೆದುಕೊಳ್ಳುವಷ್ಟು ಭಾಷೆ ಬರಲೇಬೇಕು.

ಸಾರ್ವಜನಿಕರಲ್ಲೂ ಕೆಲವು ವಿನಂತಿ. ಹಳೆಯ ಚೀಟಿ, ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿಡಿ, ತಗೊಳ್ಳುವ ಮಾತ್ರೆಯ ಸ್ಟ್ರಿಪ್ಪುಗಳನ್ನೇ ತನ್ನಿ, ನಾಟಿ ಔಷಧಿ ತಗೊಂಡಿದ್ದರೆ ಮುಚ್ಚಿಡಬೇಡಿ. ನಾಚಿಕೆಯ ವಿಷಯವನ್ನು ಮೊದಲೇ ಹೇಳಿಬಿಡಿ. ಮನೆಯಿಂದ ಒಬ್ಬರೇ ಮಾತಾಡಿ, ಉಳಿದವರಿಗೆ ಅವರೇ ತಿಳಿಸಲಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಧೈರ್ಯವಾಗಿ ಕೇಳಿ. ಅನುಮಾನ ಬಂದರೆ ದಾಖಲೆಗಳ ಪ್ರತಿ ಕೇಳಿ, ಅರ್ಜಿ ಕೊಟ್ಟ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮವಿದೆ. ಆ ಕಾಗದ ಹಿಡಿದು ಬೇರೆ ಡಾಕ್ಟರ ಅಭಿಪ್ರಾಯ ಪಡೆಯಿರಿ, ದೂರು ಕೊಡಿ. ಕೈ ಮಾತ್ರ ಎತ್ತಬೇಡಿ. ಆ ಏಟಿನ ಮರುದಿನ ಇನ್ನೊಬ್ಬರ ತಾಯಿಯ ಕಷ್ಟದ ಕೇಸನ್ನು 'ಬೇರೆ ಕಡೆ ಕರಕೊಂಡು ಹೋಗಿ' ಎಂದು ಕಳಿಸುವ ಡಾಕ್ಟರು ಹುಟ್ಟಿಕೊಳ್ಳುತ್ತಾರೆ.

ಮಾನ್ಯರೇ, ಎಲ್ಲವನ್ನೂ ಒಟ್ಟಿಗೆ ಶುರುಮಾಡುವುದು ಆಗದ ಮಾತು. ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆಗಳಲ್ಲಿ ತಲಾ ಒಂದು ಐಸಿಯು, ಒಂದು ವಾರ್ಡನ್ನು ಆರಿಸಿ, ಆರು ತಿಂಗಳು ನಡೆಸಿ ನೋಡಿ. ಐಸಿಯುನಲ್ಲಿ ಎರಡು ಹೊತ್ತಿನ ಮಾತುಕತೆ ಮತ್ತು ಕುರ್ಚಿ, ವಾರ್ಡಿನಲ್ಲಿ ಡಿಸ್ಚಾರ್ಜ್ ಹಾಳೆ, ಇವೆರಡೇ ಸಾಕು. ಎಷ್ಟು ಗಲಾಟೆಗೆ ಪೊಲೀಸರನ್ನು ಕರೆಯಬೇಕಾಯಿತು, ಡಿಸ್ಚಾರ್ಜ್ ಆದ ಮೂವತ್ತು ದಿನದೊಳಗೆ ಮಾತ್ರೆ ತಪ್ಪಿ ಎಷ್ಟು ಜನ ವಾಪಸು ಬಂದರು ಎಂಬುದನ್ನು ಈಗಿನಿಂದಲೇ ಬರೆದಿಡಲು ಹೇಳಿ, ಆಮೇಲೆ ಹೋಲಿಸಲು ಬೇಕಾಗುತ್ತದೆ. ಸುತ್ತೋಲೆಯ ಕರಡು, ಡಿಸ್ಚಾರ್ಜ್ ಹಾಳೆಯ ಕನ್ನಡ ನಮೂನೆ, ಸಾವಿನ ನಂತರ ಕೊಡುವ ಚೀಟಿಯ ನಮೂನೆ ಈ ಮೂರನ್ನೂ ಬರೆದುಕೊಡಲು ನಾವು ತಯಾರಿದ್ದೇವೆ. ಸಿಬ್ಬಂದಿಗೆ ಹೇಳಿಕೊಡಲು ಶನಿವಾರ ಮಧ್ಯಾಹ್ನಗಳಂದು ಬರುತ್ತೇವೆ, ಅದಕ್ಕೆ ಸಂಭಾವನೆ ಬೇಡ. ಹೊಸ ಇಂಟರ್ನುಗಳು ವಾರ್ಡಿಗೆ ಬರುವ ಮುಂಚೆ ಆದೇಶ ಹೊರಟರೆ ಅವರು ಮೊದಲ ದಿನದಿಂದಲೇ ಇದನ್ನು ನೋಡಿ ಕಲಿಯುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಕೆಲವು ವೈದ್ಯರು, ನರ್ಸುಗಳು ಮತ್ತು ವೈದ್ಯಕೀಯ ಸಮಾಜ ಕಾರ್ಯಕರ್ತರು